ಗಾಯಾಳು ಪಾತ್ರದ ಪ್ಲಂಬರಕ್ಕ

ಮಂಗಳ ಗ್ರಹದ ಮನೆ ಹೀಗಿರಬಹುದೆಂದು ಭೂಮಿಯ ಮೇಲೇ ಕಟ್ಟಿದ್ದ ಆ ಗುಮ್ಮಟದಲ್ಲಿ ನಲ್ಲಿ, ಪೈಪು ನೋಡಿಕೊಳ್ಳುತ್ತಿದ್ದವಳು ಎಲ್ಲರಿಗೂ ಪ್ಲಂಬರಕ್ಕ. ಬೆಳಗಾದರೆ ನೀರು ಅಳೆದು ಕೊಡುವುದು, ಜಾಸ್ತಿ ಸುರಿದುಕೊಂಡವರನ್ನು ಗದರುವುದು ಅವಳ ಕೆಲಸ. ರಕ್ಷಣೆಯ ಅಭ್ಯಾಸವಿದ್ದ ದಿನ ಮಾತ್ರ ಮಂಗಳಯಾತ್ರಿಯ ಉಡುಪು ತೊಟ್ಟು, ಕಾಲು ಮುರಿದವಳಂತೆ ನಟಿಸುತ್ತಾ ಹೊರಗಿನ ಕೆಂಪು ಮಣ್ಣಿನಲ್ಲಿ ಬಿದ್ದಿರಬೇಕಿತ್ತು.

ಆವತ್ತು ಬಿದ್ದ ರಭಸಕ್ಕೆ, ಹೆಲ್ಮೆಟ್ಟಿಗೆ ಗಾಳಿ ಊದುವ ಬೆನ್ನ ಮೇಲಿನ ಫ್ಯಾನು ನಿಂತುಹೋಯಿತು. ಹೆಲ್ಮೆಟ್ಟಿನೊಳಗೆ ಗಾಳಿಯಿಲ್ಲ. ಅದರ ಚಿಲಕವೋ ಕತ್ತಿನ ಹಿಂದೆ, ಅವಳ ಕೈಗೆ ಎಟುಕದು.

“ಉಸಿರು ಕಟ್ತಿದೆ ಕಣ್ರೋ! ನಿಜವಾಗ್ಲೂ!”

“ಏನ್ ನಟನೆ ಅಕ್ಕಾ ನಿಂದು! ನನಗೇ ಅಳು ಬರ್ತಿದೆ,” ಎಂದ ಸ್ಟ್ರೆಚರ್ ಹಿಡಿದಿದ್ದ ಡ್ರೈವರ್.

“ಮೊದಲು ಕಾಲಿಗೆ ಪಟ್ಟಿ ಕಟ್ಟೋಣ,” ಎಂದಳು ಡಾಕ್ಟರ್.

ಕೂಗಿದಷ್ಟೂ ಇವರು ಮೆಚ್ಚಿಕೊಳ್ಳುತ್ತಾರೆ ಎಂದು ಪ್ಲಂಬರಕ್ಕನಿಗೆ ಹೊಳೆಯಿತು. ಹಲ್ಲು ಕಚ್ಚಿ ಒಂದು ಕೈಗವಸನ್ನು ಎಳೆದು ಕಿತ್ತು, ಬರಿಗೈಯನ್ನು ಡಾಕ್ಟರ್ ಹೆಲ್ಮೆಟ್ಟಿನ ಗಾಜಿಗೆ ಬಡಿದಳು. ಮಂಗಳದ ನೆಲದಲ್ಲಿ ಕೈಗವಸು ಕಳಚಿದರೆ ಸಾವೇ. ಅದಕ್ಕೇ ಈ ಅಭ್ಯಾಸಗಳಲ್ಲಿ ಆಟಕ್ಕೂ ಯಾರೂ ಹಾಗೆ ಮಾಡುತ್ತಿರಲಿಲ್ಲ.

“ಅಯ್ಯೋ, ಇದು ಅಭ್ಯಾಸ ಅಲ್ಲ! ಚಿಲಕ ತೆಗಿಯೋ!” ಡಾಕ್ಟರ್ ಕಿರುಚಿದಳು.

ಡ್ರೈವರ್ ಚಿಲಕ ಕಿತ್ತು ಹೆಲ್ಮೆಟ್ ತೆಗೆದ. ಪ್ಲಂಬರಕ್ಕ ಬಾಯ್ತುಂಬ ಗಾಳಿ ಎಳೆದುಕೊಂಡಳು, ಕೆಮ್ಮಿದಳು, ಆಮೇಲೆ ಅವನ ತೋಳು ಹಿಡಿದುಕೊಂಡಳು.

“ಇನ್ನೊಂದ್ಸಲ ಹೊಗಳು, ಹಲ್ಲು ಉದುರಿಸ್ತೀನಿ.”