ನಿನ್ನ ಪುಟವನ್ನು ಅಡುಗೆಯ ಪುಟ ಎಂದೆ

ಲೀನಾ, ನಿನ್ನ ತಾಯಿಯ ಕಣ್ಣೆದುರೇ ನಾನು ನಿನ್ನನ್ನು ಮುಚ್ಚಿಟ್ಟೆ. ಮೂರು ವರ್ಷ. ನೀನು ಇದನ್ನು ಫೋನಿನಲ್ಲಿ ಡಚ್ ಭಾಷೆಗೆ ತಿರುಗಿಸಿಕೊಂಡು ಓದುವೆ ಎಂದು ಗೊತ್ತು. ಅದಕ್ಕೇ ಸುತ್ತುಬಳಸದೆ ಬರೆಯುತ್ತಿದ್ದೇನೆ.

ನಿನ್ನ ತಾಯಿ ಕಲ್ಲವ್ವ ನನ್ನ ಚಿಗವ್ವ, ನನ್ನ ತಾಯಿಯ ತಂಗಿ. ಮದುವೆಯಾಗದೆಯೇ ಅವಳಿಗೆ ನೀನು ಹುಟ್ಟಿದೆ. ಕೂಸು ಉಳಿಯಲಿಲ್ಲ ಎಂದು ಅವಳಿಗೆ ಹೇಳಿ, ನಿನ್ನನ್ನು ಹುಬ್ಬಳ್ಳಿಯ ಅನಾಥಾಶ್ರಮದಲ್ಲಿ ಬಿಟ್ಟು ಬಂದವಳು ನನ್ನ ತಾಯಿ. ಸಾಯುವ ಮುಂಚೆ ನನಗೊಬ್ಬಳಿಗೇ ಅದನ್ನು ಹೇಳಿದಳು. ಚಿಗವ್ವ ಆಮೇಲೂ ಮದುವೆಯಾಗಲಿಲ್ಲ. ನಮ್ಮ ಮನೆಯಲ್ಲೇ ಇದ್ದು ನನ್ನನ್ನು ಬೆಳೆಸಿದಳು, ಈಗಲೂ ಅಣ್ಣಿಗೇರಿಯಲ್ಲಿ ನನ್ನ ಜೊತೆಗೇ ಇದ್ದಾಳೆ.

ಹುಬ್ಬಳ್ಳಿಯಲ್ಲಿ ನರ್ಸ್ ಆಗಿರುವ ಗೆಳತಿ ಸುನಂದಾ ಒಂದು ದಿನ ನಿನ್ನ ಪುಟದ ಲಿಂಕ್ ಕಳಿಸಿದಳು—"ನಿಮ್ಮೂರ ಹೆಸರೈತಿ ನೋಡು." ತೆರೆದರೆ ಊರಿನ ಹೆಸರು ಬಿಟ್ಟು ಏನೂ ತಿಳಿಯಲಿಲ್ಲ. ಅನುವಾದ ಒತ್ತಿದೆ. ಸಾಲುಗಳು ಒಂದೊಂದಾಗಿ ಕನ್ನಡವಾದವು, ಸೊಟ್ಟ ಕನ್ನಡ: "ದತ್ತು ಕಾಗದಗಳಲ್ಲಿ ನನ್ನ ಹುಟ್ಟಿನ ತಾಯಿ ಅಣ್ಣಿಗೇರಿಯ ಕಲ್ಲವ್ವ ಆಗಿದ್ದಾಳೆ. ಅವಳ ಮೇಲೆ ನನಗೆ ಕೋಪ ಮಾಡಲಾಗಿಲ್ಲ." ಕೆಳಗೆ ನಿನ್ನ ಫೋಟೋ.

ಬಾಜುವಿನಲ್ಲಿ ನಿಂತಿದ್ದ ಚಿಗವ್ವ ಬಗ್ಗಿ ನೋಡಿದಳು. ಅವಳಿಗೆ ಓದು ಬಾರದು.

"ಯಾರಬೇ ಈಕಿ? ನಮ್ಮವ್ವನ ಗತೆನ ಅದಾಳಲ್ಲ!"

"ಯಾರೋ ಪರದೇಶದಾಕಿ. ಅಡಗಿ ಮಾಡೂದು ಬರದಾಳ."

"ಏನ್ ಅಡಗಿ?"

"ರೊಟ್ಟಿ ಗತೆ ಏನೋ."

ನಂಬಿದಳು. "ಮಾರಿ ಚಲೋ ಐತಿ" ಎಂದು ಒಳಗೆ ಹೋದಳು.

ಆ ವಾರ ನನ್ನ ಮಗಳ ನಿಶ್ಚಿತಾರ್ಥವಿತ್ತು. ಕುಂದಗೋಳದ ಬೀಗರು ಏನೆಂದಾರು ಎಂಬ ಅಂಜಿಕೆ... ಮದುವೆ ಮುಗಿಯಿತು, ಅಂಜಿಕೆಗೆ ಕಾರಣ ಉಳಿಯಲಿಲ್ಲ. ಆದರೂ ನಾನು ಬಾಯಿ ಬಿಡಲಿಲ್ಲ.

ಮೊನ್ನೆ, ಬಾಣಂತನಕ್ಕೆ ಬಂದ ಮಗಳ ಕೂಸಿಗೆ ನೀರೆರೆಯುತ್ತ ಚಿಗವ್ವ ತನ್ನಷ್ಟಕ್ಕೆ ಅಂದಳು, "ನಂದೂ ಒಂದಿತ್ತು..."

ಆಗ ನಾನು ಬಾಯಿ ಬಿಟ್ಟೆ. "ಚಿಗವ್ವ, ಅದು ಸತ್ತಿಲ್ಲ. ಅವತ್ತ ಫೋನಿನ್ಯಾಗ ನೋಡಿದ್ಯಲ್ಲ—ಆಕೀನ."

ಅವಳು ಕೂಸನ್ನು ಒರೆಸಿ, ಬಟ್ಟೆಯಲ್ಲಿ ಸುತ್ತಿ, ನನ್ನ ಮಗಳ ಕೈಗೆ ಕೊಟ್ಟಳು. ಆಮೇಲೆ ಕೇಳಿದಳು, "ಹೆಸರೇನ ಆಕೀದು?"

ಹೇಳಿದೆ. ನಿನ್ನ ಪುಟವನ್ನು ತೆರೆದು, ಒಂದು ಸಾಲೂ ಬಿಡದೆ ಓದಿದೆ. ಕೊನೆಯವರೆಗೂ ಕೇಳಿಸಿಕೊಂಡು ಅಂದಳು, "ಇಷ್ಟ ದಿನಾ ನನ್ನ ಕೈಯಾಗಿಂದು ಉಂಡಿ. ಹೇಳಬೇಕಂತ ಅನಸಲಿಲ್ಲೇನ?"

ಅಂದಿನಿಂದ ಅವಳು ನನ್ನ ಜೊತೆ ಮಾತು ಬಿಟ್ಟಿದ್ದಾಳೆ.

ಬೀಗರ ಮನೆಗೆ ನಾನೇ ಹೋಗಿ ಎಲ್ಲವನ್ನೂ ಹೇಳಿ ಬಂದೆ. ಅವರು ಮುಖ ತಿರುಗಿಸಿದರು, ತಿರುಗಿಸಲಿ. ಇನ್ನು ಯಾರ ಎದುರೂ ನಿನ್ನನ್ನು ಮುಚ್ಚಿಡಲಾರೆ.

ಲೀನಾ, ನೀನು ಫೋನ್ ಮಾಡು. ಇಂಗ್ಲಿಷಿನಲ್ಲಿ ಮಾತಾಡು, ನಿನ್ನ ಮಾತನ್ನು ಅವಳಿಗೆ ಕನ್ನಡದಲ್ಲಿ ಹೇಳಲು ಸುನಂದಾಳನ್ನು ಕರೆಸಿದ್ದೇನೆ. ಆ ಕೆಲಸಕ್ಕೆ ಚಿಗವ್ವ ನನ್ನನ್ನು ನಂಬುವುದಿಲ್ಲ—ನಂಬಲೂ ಬಾರದು.