ಜೈನಾಬ್ ಎಬ್ಬಿಸಿದ ದೊಡ್ಡ ಟರ್ಬೊ

ಕೋಲಾರದ ಬಂಗಾರಪೇಟೆ ರಸ್ತೆಯಲ್ಲಿ ಲಿಯಾಖತ್ ಸಾಹೇಬರ ಗಾಡಿ ರಿಪೇರಿ ಶೆಡ್ಡಿಗೂ ನನ್ನ ಇಡ್ಲಿ ಅಂಗಡಿಗೂ ಒಂದೇ ಗೋಡೆ. ಅವರ ಮಗಳು ಜೈನಾಬ್ ನಡೆಯಲು ಕಲಿತದ್ದೇ ಟೈರುಗಳ ನಡುವೆ. ಗೊಂಬೆ ಕೊಟ್ಟರೆ ಕೈಕಾಲು ಬಿಚ್ಚಿ ನೋಡುವಳು. ತಿರುಗಿ ಜೋಡಿಸುವಳು ಎನ್ನುವುದೇ ಸಮಾಧಾನ. ಐಟಿಐ ಮುಗಿಸಿ ಬಂದವಳು ದುಪಟ್ಟಾವನ್ನು ಸೊಂಟಕ್ಕೆ ಬಿಗಿದು ಅಪ್ಪನ ಪಕ್ಕ ನಿಂತಳು.

ಸಾಹೇಬರ ಕಣ್ಣು ಮಂಜಾದ ಮೇಲೆ ಶೆಡ್ಡು ಯಾರಿಗೆ ಎನ್ನುವ ಮಾತು ಎದ್ದಿತು. ಅವರ ಅಣ್ಣನ ಮಗ ಫರ್ಹಾದ್ ಕೂಡ ಅಲ್ಲೇ ಕೆಲಸ ಮಾಡುತ್ತಿದ್ದ.

"ಸ್ಕೂಟರ್ ಗೀಟರ್ ಜೈನಾಬ್ ಮಾಡ್ಲಿ ಚಾಚಾ. ದೊಡ್ಡ ಕಾರನ್ನ ಹುಡ್ಗಿ ಕೈಗೆ ಯಾರು ಕೊಡ್ತಾರೆ?" ಎಂದ ಅವನು.

ಆ ವಾರವೇ ಹೋಳೂರಿನ ಚನ್ನರಾಯಪ್ಪ ತನ್ನ ಡೀಸೆಲ್ ಕಾರು ತಂದ. "ಅರವತ್ತರ ತನಕ ಜಿಂಕೆ ಸಾಹೇಬ್ರೆ, ಆಮೇಲೆ ತುಂಬು ಬಸುರಿ ಎಮ್ಮೆ. ತೋರ್ಸಿದ ಕಡೆಯೆಲ್ಲ ಎರಡೂ ಟರ್ಬೊ ಹೊಸದು ಹಾಕ್ಸು ಅಂತಾವ್ರೆ."

ಸಾಹೇಬರು ಮಗಳನ್ನು ಕರೆದರು. "ಬೇಟಿ, ಇದನ್ನ ನೀನೊಬ್ಳೇ ನೋಡು. ಸರಿಹೋದ್ರೆ ಶೆಡ್ ನಿಂದು. ಇಲ್ದಿದ್ರೆ ಫರ್ಹಾದ್‌ಗೆ."

ತಿಂಡಿಗೆ ಬಂದಾಗ ನಾನು ಕೇಳಿದೆ, "ಒಂದು ಇಂಜಿನ್ನಿಗೆ ಎರಡು ಯಾಕೆ ಕಣೇ?"

"ಕುಲುಮೇಲಿ ತಿದಿ ಒತ್ತಿದ್ರೆ ಬೆಂಕಿ ಜೋರಾಗಲ್ವಾ ಅಜ್ಜಿ, ಹಂಗೆ. ಇಂಜಿನ್ ಬಿಡೋ ಹೊಗೆ ಒಂದು ಚಕ್ರ ತಿರುಗಿಸ್ತದೆ. ಆ ಚಕ್ರದ ಜೊತೆಗಿರೋ ಇನ್ನೊಂದು ಚಕ್ರ ಹೊರಗಿನ ಗಾಳೀನ ಇಂಜಿನ್ನಿಗೆ ತುರುಕ್ತದೆ. ಅದೇ ಟರ್ಬೊ. ಚಿಕ್ಕದು ಸ್ವಲ್ಪ ಹೊಗೆಗೇ ಓಡ್ತದೆ, ಆದ್ರೆ ಜೋರು ಹೋಗುವಾಗ ಅದರ ಗಾಳಿ ಸಾಲಲ್ಲ. ದೊಡ್ಡದು ತುಂಬ ಊದ್ತದೆ, ಏಳೋದು ಮಾತ್ರ ನಿಧಾನ. ಅದಕ್ಕೇ ಎರಡೂ ಇಟ್ಟು, ನಡುವೆ ಒಂದು ಕದ ಮಾಡವ್ರೆ. ಓಟ ಹೆಚ್ಚಾದಾಗ ಒಂದು ಕಡ್ಡಿ ಆ ಕದ ಎಳೀತದೆ, ಹೊಗೆ ದೊಡ್ಡದಕ್ಕೆ ಹೋಗ್ತದೆ."

"ಸೊಸೆ ಎದ್ದು ಒಲೆ ಹಚ್ತಾಳೆ, ಅತ್ತೆ ಆಮೇಲೆ ಎದ್ದು ಜೋರು ಮಾಡ್ತಾಳೆ ಅನ್ನು."

"ಹೂಂ, ಈ ಗಾಡೀಲಿ ಅತ್ತೆ ಎದ್ದೇ ಇಲ್ಲ," ಎಂದು ನಕ್ಕು ಕೈ ತೊಳೆದಳು.

ಆ ದಿನವೆಲ್ಲ ಒಂದೊಂದೇ ಕೊಳವೆ ಬಿಚ್ಚಿ ನೋಡಿದಳು. ಎಲ್ಲೂ ಬಿರುಕಿಲ್ಲ. ಎರಡೂ ಚಕ್ರ ಬೆರಳು ತಾಗಿದರೆ ತಿರುಗುತ್ತಿದ್ದವು. ಫರ್ಹಾದ್ ಬಾಗಿಲಲ್ಲಿ ನಿಂತು, "ಏನ್ ಜೈನಾಬ್, ಮದುವೆ ಸೀರೆ ಆರಿಸ್ತಿದ್ದೀಯಾ?" ಎಂದ. ಅವಳು ಮುಂದಿನ ಕೊಳವೆಗೆ ಕೈ ಹಾಕಿದಳು.

ಮರುದಿನ ಕದದ ಕಡ್ಡಿಗೆ ಹೋಗುವ ಸಣ್ಣ ರಬ್ಬರ್ ಕೊಳವೆಗೆ ಕೈಪಂಪು ಹಾಕಿ ಗಾಳಿ ಹೀರಿದಳು. ಕಡ್ಡಿ ನಡುಗಿತು, ಜರುಗಲಿಲ್ಲ. ಅದಕ್ಕೊಂದು ತಾಯತ ಕಟ್ಟಿತ್ತು. ಮೊದಲ ದಿನವೇ ನೋಡಿ ಸಲಾಂ ಮಾಡಿ ಬಿಟ್ಟಿದ್ದಳು. ಹಿಂದೆ ನೋಡಿದವರೂ ಕೈಮುಗಿದು ಬಿಟ್ಟಿರಬೇಕು. ಈಗ ಟಾರ್ಚ್ ಹಿಡಿದು ನೋಡಿದರೆ ತಾಯತದ ತಾಮ್ರದ ತಂತಿ ಕಡ್ಡಿಯನ್ನೂ ಪಕ್ಕದ ಬೋಲ್ಟನ್ನೂ ಸೇರಿಸಿ ಬಿಗಿಯಾಗಿ ಸುತ್ತಿಕೊಂಡಿದೆ.

ಇಕ್ಕಳ ಕೈಯಲ್ಲೇ ಇತ್ತು. ಕತ್ತರಿಸಲಿಲ್ಲ. ಚನ್ನರಾಯಪ್ಪನಿಗೆ ಫೋನ್ ಮಾಡಿ, ಕಟ್ಟಿದವರನ್ನು ಕರೆತನ್ನಿ ಎಂದಳು. ಅವನ ಹೆಂಡತಿ ಸುನಂದ ಬಂದಳು.

"ಗಾಡಿಗೆ ಹಸು ಅಡ್ಡ ಬಂದು ಉಳ್ಕೊಂಡ್ವಮ್ಮ. ಅದಕ್ಕೇ ಮುರುಗಮಲ್ಲ ದರ್ಗಾದಿಂದ ತಂದು ನಾನೇ ಕಟ್ಟಿದೆ. ಕಳಚ್ಕೊಂಡು ಬೀಳಬಾರ್ದು ಅಂತ ಬೋಲ್ಟಿಗೂ ಸುತ್ತಿದೆ."

"ನೀವು ಕಟ್ಟಿರೋದು ಟರ್ಬೊ ಕದದ ಚಿಲಕಕ್ಕೆ ಅಮ್ಮ, ಅದು ತೆರೆಯೋಕೇ ಆಗ್ತಿಲ್ಲ. ನೀವೇ ಬಿಚ್ಚಿ, ಒಳಗೆ ಕನ್ನಡಿಗೆ ಕಟ್ಟೋಣ."

ಸುನಂದ ಹಿಂಜರಿದಳು. "ತಪ್ಪಾಗಲ್ವಾ ಸಾಹೇಬ್ರೆ?"

"ಕಾಪಾಡೋನಿಗೆ ಎಲ್ಲಿ ಕಟ್ಟಿದ್ರೂ ಕಾಣ್ತದಮ್ಮ," ಎಂದರು ಸಾಹೇಬರು.

ಸುನಂದ ತಂತಿ ಬಿಚ್ಚಿ ತಾಯತವನ್ನು ಕಣ್ಣಿಗೊತ್ತಿಕೊಂಡಳು. ಜೈನಾಬ್ ಪಂಪು ಒತ್ತಿದಳು. ಕಡ್ಡಿ ಸರ್ರನೆ ಜರುಗಿತು.

ಮುಳಬಾಗಿಲು ಕಡೆಯ ಹೆದ್ದಾರಿಗೆ ಹೊರಟೆವು. ಜೈನಾಬ್ ಓಡಿಸಿದಳು, ಪಕ್ಕದಲ್ಲಿ ಸಾಹೇಬರು, ಹಿಂದೆ ಆ ದಂಪತಿ. ಮೂಲೆಯಲ್ಲಿ ನನ್ನನ್ನೂ ತುರುಕಿಕೊಂಡರು. ಮುಳ್ಳು ಅರವತ್ತು ದಾಟಿತು. ಎಮ್ಮೆಯಾಗಬೇಕಿದ್ದ ಗಾಡಿ ನಮ್ಮ ಬೆನ್ನನ್ನು ಸೀಟಿಗೆ ಒತ್ತಿ ಮುಂದಕ್ಕೆ ಹಾರಿತು. ಸಣ್ಣ ಸಿಳ್ಳಿನ ಕೆಳಗೆ ದಪ್ಪನೆಯ ಇನ್ನೊಂದು ಸಿಳ್ಳು ಏರಿ ಬಂತು. ಸಾಹೇಬರು ಮಂಜುಗಣ್ಣು ಮುಚ್ಚಿ ಕಿವಿ ಕೊಟ್ಟರು.

"ದೊಡ್ಡದು ಎದ್ದಿತು," ಎಂದರು.

"ಮೆಲ್ಲಗಾ ತಲ್ಲಿ," ನಿಧಾನಕ್ಕೆ ಹೋಗು ಎಂದು ಸುನಂದ ತೆಲುಗಿನಲ್ಲಿ ಬೇಡಿಕೊಂಡಳು. "ಇನ್ನೊಂಚೂರು ಒತ್ತಮ್ಮ," ಎಂದ ಚನ್ನರಾಯಪ್ಪ. ಜೈನಾಬ್ ಒಂದರ ಹಿಂದೊಂದು ಲಾರಿ ಹಿಂದಿಕ್ಕಿದಳು. ಅವಳು ಹಲ್ಲು ಬಿಟ್ಟು ನಗುವುದನ್ನು ಕನ್ನಡಿಯಲ್ಲಿ ನೋಡಿದೆ.

ಈಗ ಮಾಲೂರು, ಶ್ರೀನಿವಾಸಪುರದಿಂದಲೂ ಕಾರುಗಳು ಬರುತ್ತವೆ. ಫರ್ಹಾದ್ ಬ್ರೇಕ್ ಕೆಲಸ ನೋಡಿಕೊಳ್ಳುತ್ತಾನೆ, ಅದರಲ್ಲಿ ಅವನ ಕೈ ಒಳ್ಳೆಯದು. ಬಂದವರು ಗಡ್ಡ ಕಂಡು ಸಾಹೇಬರ ಮುಂದೆ ಗಾಡಿಯ ಕಷ್ಟ ಶುರು ಮಾಡುತ್ತಾರೆ. ಅವರು ಚಹಾ ಹೀರುತ್ತ, ಇಂಜಿನ್ನಿನ ಮೇಲೆ ಬಾಗಿದ ಮಗಳ ಕಡೆ ಗದ್ದ ತೋರಿಸುತ್ತಾರೆ.

"ಓನರ್ ಅಲ್ಲಿ ಅವ್ರೆ ನೋಡಿ."