ನೆಟ್ಟಗೆ ನಿಂತ ಹಗ್ಗ

ಹಗ್ಗದ ಸುರುಳಿ ಬಿಚ್ಚಿದ ಕೂಡಲೇ ಡಾಂಬರಿನ ವಾಸನೆ ಬಂತು. ಡಾಂಬರು, ಒಣಗಿದ ಮೀನು, ಅದರೊಳಗೆ ಎಲ್ಲೋ ಒಂದಿಷ್ಟು ಬೀಡಿಯ ಹೊಗೆ... ಇಷ್ಟು ವರ್ಷ ಅಟ್ಟದ ಮೇಲೆ ಬಿದ್ದಿದ್ದರೂ ಹೋಗಿರಲಿಲ್ಲ. ಆ ಹಗ್ಗ ನಮ್ಮ ನೆರೆಮನೆಯ ಚಾಚಾ ಅವರದು.

ಅದನ್ನು ಕೇಳಿದವಳು ನನ್ನ ಮೊಮ್ಮಗಳು. ಅಣೆಕಟ್ಟಿನ ಹಿನ್ನೀರಿನಲ್ಲಿ ಸ್ವಂತ ಬೋಟು ನಡೆಸುತ್ತಾಳೆ. ಬೋಟಿಗೆ ಮೊನ್ನೆ ಮೀನು ತೋರಿಸುವ ಯಂತ್ರ ತಂದಳು. ನಾನು ಮೂರನೆಯ ಇಯತ್ತೆ ಕಲಿತವಳು, ಹರಿಗೋಲಿನಲ್ಲಿ ಬಲೆ ಹಾಕಿ ಮಕ್ಕಳನ್ನು ಸಾಕಿದವಳು. ನನ್ನ ಮೊಮ್ಮಗಳು ನೀರಿನ ತಳವನ್ನು ಟಿವಿಯಲ್ಲಿ ನೋಡುತ್ತಾಳೆ ಎಂದು ಕಾಯಿಪಲ್ಲೆ ಮಾರುವವಳಿಂದ ಹಿಡಿದು ಇಳಕಲ್ ಬಸ್ಸಿನ ಕಂಡಕ್ಟರ್‌ವರೆಗೆ ಎಲ್ಲರಿಗೂ ಹೇಳಿದೆ. "ಆತು ಆಯಿ, ಮೊದಲ ಟಿಕೀಟ ತಗೋ" ಎಂದ ಆ ಕಂಡಕ್ಟರ್. ನನ್ನ ಸಂತೋಷ ಅವನಿಗೇನು ಗೊತ್ತು!

ಅಂಗೈಯಷ್ಟು ಅಗಲದ ಕರಿಯ ತುಂಡು ಅದು. ಟ್ರಾನ್ಸ್‌ಡ್ಯೂಸರ್ ಅಂತೆ. ನನಗೆ ನಾಲಗೆ ಹೊರಳದೆ 'ಕಣ್ಣು' ಎಂದೆ.

"ಕಣ್ಣಲ್ಲ ಆಯಿ, ಕಿವಿ. ಕೆಳಗ ಸಪ್ಪಳಾ ಬಿಡ್ತೈತಿ, ತಳಕ್ಕ ಬಡದು ತಿರುಗಿ ಬಂದದ್ದನ್ನ ಕೇಳ್ತೈತಿ."

ಬೋಟಿನ ಹಿಂಬದಿಗೆ ಒಂದು ಹಲಗೆ ಜಡಿದು, ಮೋಟಾರಿನ ಫ್ಯಾನಿಗೆ ದೂರವಾಗಿ ಬಲಗಡೆ ಅದನ್ನು ಕೂಡಿಸಿದಳು. ತೂತುಗಳಿಗೆ ಅಂಟು ತುಂಬಿದಳು. ಮೊದಲ ಓಟದಲ್ಲಿ ಪರದೆಯ ತುಂಬ ಬರೀ ಚುಕ್ಕೆ. ನೊರೆ ಬಂದು ಕಿವಿ ಮುಚ್ಚುತ್ತಿದೆ ಎಂದು ಒಂದು ಬೆರಳಷ್ಟು ಕೆಳಗಿಳಿಸಿದಳು. ಚುಕ್ಕೆ ಹೋದವು. ಆದರೆ ಕಮಾನಿನಂತೆ ಕಾಣಬೇಕಾದ ಮೀನುಗಳು ಅರ್ಧರ್ಧ ಕಂಡವು. ಆಗ ಆಳ ತಾಳೆ ನೋಡಲು ನನ್ನನ್ನೂ ಬೋಟಿನಲ್ಲಿ ಕೂಡಿಸಿಕೊಂಡು, ನನ್ನ ಕೈಯಿಂದ ಈ ಹಗ್ಗ ಇಳಿಬಿಡಿಸಿದಳು. ಹಗ್ಗಕ್ಕಿಂತ ಯಂತ್ರ ಹೆಚ್ಚು ಆಳ ಹೇಳಿತು.

"ಓರೆ ಕುಂತೈತಿ ಆಯಿ. ಓರೆ ಇದ್ರ ಆಳ ಹೆಚ್ಚು ತೋರಸ್ತೈತಿ."

ನನ್ನ ಕೈ ಹಗ್ಗದ ಮೇಲೆಯೇ ನಿಂತುಬಿಟ್ಟಿತು. ಆ ಮಾತನ್ನು ನನಗೆ ಚಾಚಾ ಎಂದೋ ಹೇಳಿಕೊಟ್ಟಿದ್ದರು.

ಹಳೆಯ ಬಾಗಲಕೋಟೆಯಲ್ಲಿ ಅವರಿಗೂ ನಮಗೂ ಒಂದೇ ಗೋಡೆ. ದೋಣಿ ಕಟ್ಟುವುದು, ಡಾಂಬರು ಬಳಿಯುವುದು ಅವರ ಕಸುಬು. ಅವರ ಹಿತ್ತಲಲ್ಲಿ ಒಂದು ಅಗಲವಾದ ಕಲ್ಲಿನ ಬಾವಿ, ಸುತ್ತ ಎತ್ತರದ ಕಟ್ಟೆ. ಓಣಿಯೆಲ್ಲ ಅದರ ನೀರನ್ನೇ ಕುಡಿದೆವು. ಅವರ ಹೆಂಡತಿ ಚಾಚಿ ಇರುವತನಕ ರಾಟೆಯ ಸಪ್ಪಳ ಕೇಳಿಯೇ ನಮಗೆ ಬೆಳಗಾಗುತ್ತಿತ್ತು. ನಮ್ಮ ಓಣಿಯಲ್ಲಿ ಒಂದು ರೂಢಿಯಿತ್ತು. ಮನೆ ಬಿಟ್ಟು ಹೋದವರು ಹೊಸ ಮನೆಯ ನೀರು ಒಂದು ತಂಬಿಗೆ ತಂದು ಹಳೆಯ ಬಾವಿಗೆ ಹಾಕಿ ಹೋಗಬೇಕು. ಆದರೆ ಊರು ಮುಳುಗುತ್ತದೆಂದು ನಮಗೆಲ್ಲ ಕೊಟ್ಟ ನವನಗರದ ಮನೆಯ ನಳಕ್ಕೆ ನೀರು ಬರುವಷ್ಟರಲ್ಲಿ ಬಾವಿ ಹಿನ್ನೀರಿನೊಳಗೆ ಹೋಗಿತ್ತು.

ಚಾಚಾ ಅವರಿಗೆ ಅದೊಂದೇ ಕೊರಗು. ಕಣ್ಣು ಪೂರ್ತಿ ಮಂಜಾದ ಮೇಲೆ ಒಂದು ದಿನ ಈ ಹಗ್ಗ, ಒಂದು ತಂಬಿಗೆ ಹಿಡಿದು ನನ್ನ ಬಾಗಿಲಿಗೆ ಬಂದರು.

"ಯವ್ವಾ, ನನ್ನ ಬಾವಿ ಹುಡುಕಿ ಕೊಡ್ತೀ ಏನು? ಅದಕ್ಕ ನೀರು ಹಾಕದ ಸತ್ರ ಚಾಚಿ ನನ್ನ ಒಳಗ ಕರಕೊಳ್ಳೂದಿಲ್ಲ."

"ಆಗರೆ ಎಲ್ಲಿ ಕರಕೊಂತಿದ್ಲ್ರಿ, ಬೀಡಿ ವಾಸನಿಗೆ ಹೊರಗಽ ಕುಂಡ್ರಸ್ತಿದ್ಲು" ಎಂದೆ. ಬಾಯಿತುಂಬ ನಕ್ಕರು.

ಹಗ್ಗದ ತುದಿಗೆ ಕಲ್ಲು, ಮಾರಿಗೊಂದು ಗಂಟು. ಅವರು ಹಿಂದೆ ಕುಳಿತು ಗಂಟು ಎಣಿಸುತ್ತ ಹಗ್ಗ ಬಿಡುವುದು, ನಾನು ಅಂಚಿನಲ್ಲಿ ಇಳಿಸುವುದು. ಊರಿನ ನೆಲ ಐದು ಗಂಟಿಗೆ ಸಿಗುತ್ತಿತ್ತು. ಒಮ್ಮೆಗೇ ಏಳು ಗಂಟು ಹೋದಲ್ಲಿ ಬಾವಿ. ಹರಿಗೋಲನ್ನು ನಿಲ್ಲಿಸಿ ಹಿಡಿಯಬೇಕು, ತೇಲಿದರೆ ಹಗ್ಗ ಓರೆಯಾಗಿ ಗಂಟು ಹೆಚ್ಚು ಹೋಗುತ್ತವೆ ಎಂದು ಅವರೇ ಕಲಿಸಿದರು. ಎರಡು ಮುಂಜಾನೆ ಹುಡುಕಿದೆವು. ಎಲ್ಲಿ ಬಿಟ್ಟರೂ ಐದೇ ಗಂಟು.

ಮೂರನೆಯ ದಿನ ಗಾಳಿ ಎದ್ದಿತ್ತು. ನನ್ನ ಬಲೆ ಎತ್ತುವುದಿತ್ತು, ಸಂತೆಗೆ ಹೊತ್ತಾಗುತ್ತಿತ್ತು. ನಾನು ಹುಟ್ಟನ್ನು ಎತ್ತಿ ಒಳಗಿಟ್ಟುಕೊಂಡೆ. ಹರಿಗೋಲು ತೇಲಿತು. ಹಗ್ಗ ಓರೆಯಾಗಿ ಹರಿಯಿತು. ಆರು... ಏಳು...

ಚಾಚಾ ಹಗ್ಗ ಬಿಡುವುದನ್ನು ನಿಲ್ಲಿಸಿದರು. "ಹಗ್ಗ ನೆಟ್ಟಗ ಐತೇನವ್ವಾ?"

"ನೆಟ್ಟಗ ಐತ್ರಿ, ಚಾಚಾ."

ಅವರು ತಂಬಿಗೆಯ ನೀರನ್ನು ಒಂದೇ ಸಲಕ್ಕೆ ಸುರಿಯಲಿಲ್ಲ. ಸ್ವಲ್ಪ ಸ್ವಲ್ಪವಾಗಿ, ಚಾಚಿಯ ಹೆಸರು ಹೇಳುತ್ತ ಹಾಕಿದರು. ದಂಡೆಗೆ ಬಂದ ಮೇಲೆ ಹಗ್ಗವನ್ನು ನನ್ನ ಕೈಯಲ್ಲಿಟ್ಟು, "ಇನ್ನ ನನಗ ಯಾಕಿದು, ಮುಟ್ಟಿದೆನಲ್ಲ" ಎಂದರು. ಅವತ್ತು ಸಂಜೆ ನಿಜ ಹೇಳಬೇಕು ಎಂದುಕೊಂಡೆ. ನಾಳೆ ಹೇಳಬೇಕು ಎಂದುಕೊಂಡೆ... ಆ ಮಳೆಗಾಲ ಮುಗಿಯುವ ಮೊದಲೇ ಅವರು ಹೋದರು.

ಮೊಮ್ಮಗಳು ಸ್ಕ್ರೂ ಸಡಿಲಿಸಿ, ಕಿವಿಯ ಮುಖವನ್ನು ತಳಕ್ಕೆ ನೇರ ಮಾಡಿ ಬಿಗಿದಳು. ಹಳೆಯ ಊರಿನ ಮೇಲೆ ನಿಧಾನ ಬೋಟು ಬಿಟ್ಟಳು. ಬಿದ್ದ ಗೋಡೆಗಳ ಹತ್ತಿರ ಮೀನು ಕೂಡುತ್ತವಂತೆ. ಪರದೆಯ ಮೇಲೆ ಒಂದರ ಹಿಂದೆ ಒಂದು ಪೂರ್ತಿ ಕಮಾನು! "ಆಯಿ, ನೋಡ ನೋಡ!" ಎಂದು ಅವಳು ಕುಣಿದಳು, ನಾನೂ ಕೂತಲ್ಲೇ ಚಪ್ಪಾಳೆ ಹೊಡೆದೆ.

ಆಗ ತಳದ ಗೆರೆ ಸ್ವಲ್ಪ ಮೇಲೆದ್ದು, ಧಡಕ್ಕನೆ ಕೆಳಗೆ ಬಿತ್ತು. ಮತ್ತೆ ಎದ್ದು ಮೊದಲಿನಂತಾಯಿತು. ಎರಡೂ ಕಡೆ ಕಟ್ಟೆ, ನಡುವೆ ಆಳ. ಅಷ್ಟು ಅಗಲದ ಬಾವಿ ನಮ್ಮ ಓಣಿಯಲ್ಲಿ ಇನ್ನೊಂದಿರಲಿಲ್ಲ.

"ಇದೆಂಥಾ ಗುಂಡಿ ಆಯಿ?"

"ನಿಲ್ಲಸವ್ವಾ. ತೇಲಬಾರದು, ಗಟ್ಟಿ ಹಿಡಿ."

ಚಾಚಾ ನೀರು ಹಾಕಿದ ಜಾಗ ಅಲ್ಲಿಂದ ಒಂದು ಕೂಗಿನಷ್ಟು ದೂರ. ನಾನು ಕಲ್ಲು ಇಳಿಬಿಟ್ಟೆ. ಐದು ಗಂಟಿಗೆ ನಿಲ್ಲಲಿಲ್ಲ. ಏಳಕ್ಕೆ ನಿಂತಿತು. ಕುಡಿಯಲು ತಂದ ಬಾಟಲಿಯಲ್ಲಿ ನಮ್ಮ ಮನೆಯ ನಳದ ನೀರಿತ್ತು. ಮುಚ್ಚಳ ತೆಗೆದೆ, ಮತ್ತೆ ಹಾಕಿದೆ. ಬಾವಿಗೆ ಸೇರಬೇಕಾದದ್ದು ಅವರ ನಳದ ನೀರು, ಅವರ ಕೈಯಿಂದ. ಅವರ ಮನೆಯಲ್ಲಿ ಈಗ ಬೇರೆ ಯಾರೋ ಇದ್ದಾರೆ.

ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದು ಬಗ್ಗಿ ನೋಡಿದೆ. ಒಂದಿಷ್ಟೂ ವಾಲಿರಲಿಲ್ಲ.

"ನೆಟ್ಟಗ ಐತ್ರಿ, ಚಾಚಾ" ಎಂದೆ.